ಯಕೃತ್ತಿನ ಕ್ಯಾನ್ಸರ್‌ನಲ್ಲಿ ಬೆಳವಣಿಗೆಯ ಸಂಕೇತಗಳು: ಒಂದೇ ಗ್ರಾಹಕವನ್ನು ತಡೆದರೆ ಏಕೆ ಸಾಲುವುದಿಲ್ಲ?

ಪ್ರಶ್ನೆ: ಜೀವರಸಾಯನಶಾಸ್ತ್ರ ಉಪನ್ಯಾಸಕಿ, ಧಾರವಾಡ

ನಾನು ಪದವಿ ಕಾಲೇಜೊಂದರಲ್ಲಿ ಜೀವರಸಾಯನಶಾಸ್ತ್ರ ಕಲಿಸುತ್ತೇನೆ. ಹೊರಗಿನಿಂದ ಬಂದ ಬೆಳವಣಿಗೆ ಅಂಶವೊಂದು ಜೀವಕೋಶದ ಪೊರೆಯ ಮೇಲಿರುವ ಗ್ರಾಹಕಕ್ಕೆ ಅಂಟಿಕೊಂಡ ಮೇಲೆ ರಾಸ್, ರಾಫ್, ಮೆಕ್, ಇಆರ್‌ಕೆ ಎಂಬ ಪ್ರೋಟೀನುಗಳು ಒಂದರ ನಂತರ ಒಂದು ಚುರುಕಾಗಿ, ವಿಭಜನೆಯ ಆದೇಶವನ್ನು ಕೋಶಕೇಂದ್ರಕ್ಕೆ ಮುಟ್ಟಿಸುವ ಬಗೆಯನ್ನು ಪ್ರತಿವರ್ಷ ಪಾಠ ಮಾಡುತ್ತೇನೆ. ಈ ಸಂಕೇತವನ್ನು ಔಷಧಿಯಿಂದ ತಡೆದು ಕ್ಯಾನ್ಸರನ್ನು ಹತೋಟಿಗೆ ತರಬಹುದು ಎಂಬುದಕ್ಕೆ ಎರಡು ಉದಾಹರಣೆಗಳನ್ನು ಕೊಡುತ್ತೇನೆ. ಒಂದು, ಇಜಿಎಫ್ ಎಂಬ ಬೆಳವಣಿಗೆ ಅಂಶವನ್ನು ಹಿಡಿಯುವ ಇಜಿಎಫ್‌ಆರ್ ಗ್ರಾಹಕದಲ್ಲಿ ರೂಪಾಂತರ (ವಂಶವಾಹಿಯ ಬದಲಾವಣೆ) ಇರುವ ಶ್ವಾಸಕೋಶದ ಕ್ಯಾನ್ಸರ್‌ಗೆ ಕೊಡುವ ಜೆಫಿಟಿನಿಬ್. ಇನ್ನೊಂದು, ಹರ್-2 ಗ್ರಾಹಕ ಹೆಚ್ಚಾಗಿರುವ ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ರಾಸ್ಟುಜುಮಾಬ್.

ಈಗ ನಮ್ಮ ಹತ್ತಿರದ ಸಂಬಂಧಿಕರೊಬ್ಬರಿಗೆ ಯಕೃತ್ತಿನ ಕ್ಯಾನ್ಸರ್ ಇರುವುದು ಗೊತ್ತಾಗಿದೆ. ಹಲವು ವರ್ಷಗಳಿಂದ ಹೆಪಟೈಟಿಸ್ ಬಿ ಸೋಂಕಿತ್ತು, ಅದರಿಂದ ಸಿರೋಸಿಸ್, ಅಂದರೆ ಯಕೃತ್ತು ನಾರುಗಟ್ಟಿ ಗಡುಸಾಗುವ ಸ್ಥಿತಿ, ಆಗಿತ್ತು. ಗಡ್ಡೆ ಶಸ್ತ್ರಚಿಕಿತ್ಸೆಯ ಹಂತವನ್ನು ದಾಟಿರುವುದರಿಂದಲೂ, ಅನ್ನನಾಳದ ರಕ್ತನಾಳಗಳು ಊದಿಕೊಂಡಿದ್ದು ಒಮ್ಮೆ ರಕ್ತಸ್ರಾವ ಆಗಿರುವುದರಿಂದಲೂ ವೈದ್ಯರು ಲೆನ್‌ವಾಟಿನಿಬ್ ಮಾತ್ರೆ ಬರೆದಿದ್ದಾರೆ. ಶ್ವಾಸಕೋಶದ ಕ್ಯಾನ್ಸರ್ ಆಗಿದ್ದ ನಮ್ಮ ಸಹೋದ್ಯೋಗಿಗೆ ಔಷಧಿ ಶುರು ಮಾಡುವ ಮೊದಲು ಗಡ್ಡೆಯ ವಂಶವಾಹಿ ಪರೀಕ್ಷೆ ಮಾಡಿಸಿದ್ದರು. ಇವರಿಗೆ ಅಂಥ ಯಾವ ಪರೀಕ್ಷೆಯನ್ನೂ ಹೇಳಲಿಲ್ಲ.

ನಾನು ಓದಿದ ಮಟ್ಟಿಗೆ ಯಕೃತ್ತಿನ ಕ್ಯಾನ್ಸರ್‌ನಲ್ಲಿ ಇಜಿಎಫ್, ಎಚ್‌ಜಿಎಫ್, ಐಜಿಎಫ್, ಎಫ್‌ಜಿಎಫ್, ಪಿಡಿಜಿಎಫ್, ವಿಇಜಿಎಫ್ ಎಂಬ ಬೆಳವಣಿಗೆ ಅಂಶಗಳೆಲ್ಲದರ ಸಂಕೇತವೂ ಜೋರಾಗಿಯೇ ಇರುತ್ತದೆ. ಹಾಗಿದ್ದರೆ ಅವುಗಳಲ್ಲಿ ಒಂದನ್ನು ಗುರಿಯಿಟ್ಟು ತಡೆಯುವ ಔಷಧಿ ಇಲ್ಲಿ ಏಕೆ ಗೆದ್ದಿಲ್ಲ? ಈ ಸಂಕೇತಗಳು ಕ್ಯಾನ್ಸರಿಗೆ ಕಾರಣವೋ, ಕ್ಯಾನ್ಸರ್ ಆದ ಮೇಲೆ ಬರುವ ಪರಿಣಾಮವೋ? ಪರೀಕ್ಷೆಯೇ ಇಲ್ಲದೆ ಐದಾರು ಗ್ರಾಹಕಗಳನ್ನು ಒಟ್ಟಿಗೆ ತಡೆಯುವ ಮಾತ್ರೆ ಕೊಡುವುದರ ಹಿಂದಿನ ತರ್ಕವೇನು? ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ 1: ಕೋಶಜೀವಶಾಸ್ತ್ರ ಸಂಶೋಧಕ, ಬೆಂಗಳೂರು

ನಿಮ್ಮ ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಲು ಪ್ರಯತ್ನಿಸುತ್ತೇನೆ. ಚಿಕಿತ್ಸೆಯ ಪ್ರಶ್ನೆಯನ್ನು ವೈದ್ಯರಿಗೆ ಬಿಡುತ್ತೇನೆ.

ಆರೋಗ್ಯವಂತ ಯಕೃತ್ತಿನಿಂದ ಆರಂಭಿಸುವುದು ಒಳ್ಳೆಯದು. 1931ರಲ್ಲಿ ಹಿಗ್ಗಿನ್ಸ್ ಮತ್ತು ಆಂಡರ್ಸನ್ ಎಂಬ ವಿಜ್ಞಾನಿಗಳು ಇಲಿಗಳ ಯಕೃತ್ತಿನ ಮೂರನೇ ಎರಡು ಭಾಗವನ್ನು ಕತ್ತರಿಸಿ ತೆಗೆಯುವ ವಿಧಾನವನ್ನು ವಿವರಿಸಿದರು. ತೆಗೆದ ಹಾಲೆಗಳು ಮತ್ತೆ ಹುಟ್ಟುವುದಿಲ್ಲ, ಆದರೆ ಉಳಿದ ಹಾಲೆಗಳು ಹಿಗ್ಗಿ ಸುಮಾರು ಒಂದು ವಾರದಲ್ಲಿ ಮೊದಲಿನ ತೂಕಕ್ಕೆ ಹತ್ತಿರ ಬರುತ್ತವೆ. ವರ್ಷಗಟ್ಟಲೆ ವಿಭಜಿಸದೆ ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದ ಯಕೃತ್ಕೋಶಗಳನ್ನು ಇಷ್ಟು ಬೇಗ ವಿಭಜನೆಗೆ ಇಳಿಸುವುದು ನೀವು ಪಟ್ಟಿ ಮಾಡಿದ ಅಂಶಗಳೇ. ಅವುಗಳಲ್ಲಿ ಎರಡು ಮುಖ್ಯ. 1984ರಲ್ಲಿ ಜಪಾನಿನ ನಕಾಮುರಾ ಮತ್ತು ಸಂಗಡಿಗರು ಮೊದಲು ವರದಿ ಮಾಡಿದ ಎಚ್‌ಜಿಎಫ್ ಅನ್ನು ಯಕೃತ್ತಿನ ಸ್ಟೆಲೇಟ್ ಎಂಬ ಪೋಷಕ ಕೋಶಗಳೂ ರಕ್ತನಾಳಗಳ ಒಳಪದರದ ಕೋಶಗಳೂ ತಯಾರಿಸುತ್ತವೆ. ಅದನ್ನು ಹಿಡಿಯುವ ಮೆಟ್ ಎಂಬ ಗ್ರಾಹಕ ಯಕೃತ್ಕೋಶದ ಮೇಲಿದೆ. ಎರಡನೆಯದು ಇಜಿಎಫ್, ಇದರ ಒಂದು ಪಾಲು ಸಣ್ಣ ಕರುಳಿನ ಮೊದಲ ಭಾಗದಲ್ಲಿ ತಯಾರಾಗಿ ಪೋರ್ಟಲ್ ರಕ್ತನಾಳದ ಮೂಲಕ ಸದಾ ಯಕೃತ್ತಿಗೆ ಬರುತ್ತಿರುತ್ತದೆ.

ನಿಮ್ಮ ಪ್ರಶ್ನೆಯ ತಿರುಳು ಇರುವುದು ಮುಂದಿನ ಸಂಗತಿಯಲ್ಲಿ ಎಂದು ನನಗೆ ಅನ್ನಿಸುತ್ತದೆ. ಪ್ರಯೋಗದ ಪ್ರಾಣಿಗಳಲ್ಲಿ ಮೆಟ್ ಗ್ರಾಹಕವನ್ನು ಮಾತ್ರ ಇಲ್ಲವಾಗಿಸಿದರೆ ಯಕೃತ್ತಿನ ಮರುಬೆಳವಣಿಗೆ ತಡವಾಗುತ್ತದೆ, ಆದರೆ ನಿಲ್ಲುವುದಿಲ್ಲ. ಇಜಿಎಫ್‌ಆರ್ ಅನ್ನು ಮಾತ್ರ ತೆಗೆದರೂ ಫಲಿತಾಂಶ ಅದೇ. ಎರಡನ್ನೂ ಒಟ್ಟಿಗೆ ತೆಗೆದಾಗ ಮರುಬೆಳವಣಿಗೆ ಪೂರ್ತಿ ನಿಂತು, ಯಕೃತ್ತು ಕುಗ್ಗಿ ಕೈಕೊಡುತ್ತದೆ ಎಂಬುದನ್ನು ಮಿಖಲೋಪೌಲೋಸ್ ಅವರ ತಂಡ 2016ರಲ್ಲಿ ಇಲಿಗಳಲ್ಲಿ ತೋರಿಸಿತು. ವಿಷ, ವೈರಸ್, ಗಾಯ ಯಾವುದು ಎದುರಾದರೂ ತನ್ನನ್ನು ತಾನು ಮರಳಿ ಕಟ್ಟಿಕೊಳ್ಳಬೇಕಾದ ಈ ಅಂಗದಲ್ಲಿ ಒಂದು ದಾರಿ ಮುಚ್ಚಿದರೆ ಇನ್ನೊಂದು ತೆರೆದುಕೊಳ್ಳುವ ಏರ್ಪಾಡು ಹುಟ್ಟಿನಿಂದಲೇ ಇದೆ. ಆ ಕೋಶಗಳಿಂದಲೇ ಹುಟ್ಟುವ ಗಡ್ಡೆಗೂ ಈ ಏರ್ಪಾಡು ಪಿತ್ರಾರ್ಜಿತವಾಗಿ ಬರುತ್ತದೆ. ಇಜಿಎಫ್‌ಆರ್ ರೂಪಾಂತರವಿರುವ ಶ್ವಾಸಕೋಶದ ಗಡ್ಡೆ ಆ ಒಂದೇ ಗ್ರಾಹಕಕ್ಕೆ ಜೋತುಬಿದ್ದಿರುತ್ತದೆ. ಯಕೃತ್ತಿನ ಗಡ್ಡೆಯಲ್ಲಿ ಇಜಿಎಫ್‌ಆರ್ ಪ್ರಮಾಣ ಹೆಚ್ಚಿರುವುದು ಸಾಮಾನ್ಯವಾದರೂ ಅದನ್ನು ಸದಾ ಚಾಲೂ ಸ್ಥಿತಿಯಲ್ಲಿಡುವ ರೂಪಾಂತರ ಅಪರೂಪ. ಪ್ರಮಾಣ ಹೆಚ್ಚಿರುವುದು ಬೇರೆ, ಅವಲಂಬನೆ ಬೇರೆ.

ಕಾರಣವೋ ಪರಿಣಾಮವೋ ಎಂಬ ಪ್ರಶ್ನೆಗೆ ಬರುತ್ತೇನೆ. ಹೆಪಟೈಟಿಸ್ ಬಿ ಅಥವಾ ಸಿ, ಮದ್ಯ, ಕೊಬ್ಬು ತುಂಬಿದ ಯಕೃತ್ತು ಇವುಗಳಲ್ಲಿ ಕೋಶಗಳು ಸಾಯುವುದೂ ಉಳಿದವು ವಿಭಜಿಸಿ ಜಾಗ ತುಂಬುವುದೂ ದಶಕಗಳ ಕಾಲ ನಡೆಯುತ್ತದೆ. ಇದರ ಜೊತೆಗೆ ಪಿಡಿಜಿಎಫ್ ಸಂಕೇತದಿಂದ ಎಚ್ಚೆತ್ತ ಸ್ಟೆಲೇಟ್ ಕೋಶಗಳು ಹೆಚ್ಚಿಕೊಂಡು, ಟಿಜಿಎಫ್-ಬೀಟಾ ಎಂಬ ಇನ್ನೊಂದು ಅಂಶದ ಪ್ರಭಾವದಲ್ಲಿ ಕೊಲಾಜೆನ್ ನಾರನ್ನು ಸುರಿಯುತ್ತ ಹೋಗುತ್ತವೆ. ಅದರ ಕೊನೆಯ ಹಂತವೇ ಸಿರೋಸಿಸ್. ಪಿಡಿಜಿಎಫ್-ಸಿ ಅತಿಯಾಗಿ ತಯಾರಾಗುವಂತೆ ಮಾಡಿದ ಇಲಿಗಳಲ್ಲಿ ಮೊದಲು ನಾರುಗಟ್ಟುವಿಕೆ, ಆಮೇಲೆ ಕ್ಯಾನ್ಸರ್ ಕಾಣಿಸಿಕೊಂಡಿತು. ಇಜಿಎಫ್‌ಆರ್ ಅನ್ನೇ ಹಿಡಿಯುವ ಟಿಜಿಎಫ್-ಆಲ್ಫಾ ಅತಿಯಾದ ಇಲಿಗಳಲ್ಲೂ ಯಕೃತ್ತಿನ ಗಡ್ಡೆಗಳಾದವು. ಹೆಪಟೈಟಿಸ್ ಬಿ ವೈರಸ್ಸಿನ ಎಕ್ಸ್ ಪ್ರೋಟೀನು ನೀವು ಪಾಠ ಮಾಡುವ ರಾಸ್–ಇಆರ್‌ಕೆ ಸರಪಳಿಯನ್ನೇ ಚುರುಕುಗೊಳಿಸುತ್ತದೆ. ಗಡ್ಡೆ ಹುಟ್ಟುವುದಕ್ಕೆ ಮೊದಲೇ ಈ ಸಂಕೇತಗಳು ನೆಲವನ್ನು ಹದ ಮಾಡಿರುತ್ತವೆ ಎಂದಾಯಿತು.

ಆದರೆ ಆ ನೆಲದಲ್ಲಿ ಆಗುವ ರೂಪಾಂತರಗಳನ್ನು ನೋಡಿ: ಟರ್ಟ್ ವಂಶವಾಹಿಯನ್ನು ಚಾಲೂ ಮಾಡುವ ಪ್ರವರ್ತಕ ಎಂಬ ಭಾಗದಲ್ಲಿ ಸುಮಾರು ಶೇಕಡ 60ರಷ್ಟು ಗಡ್ಡೆಗಳಲ್ಲಿ, ಬೀಟಾ ಕ್ಯಾಟನಿನ್ ವಂಶವಾಹಿಯಲ್ಲೂ ಕ್ಯಾನ್ಸರನ್ನು ತಡೆಯುವ ಪಿ-53 ವಂಶವಾಹಿಯಲ್ಲೂ ಸುಮಾರು ಮೂರನೇ ಒಂದರಷ್ಟು ಗಡ್ಡೆಗಳಲ್ಲಿ. ಇವು ಮೂರೂ ಪೊರೆಯ ಮೇಲಿನ ಗ್ರಾಹಕಗಳಲ್ಲ. ಇವುಗಳನ್ನು ನೇರವಾಗಿ ತಡೆಯುವ ಔಷಧಿ ಯಕೃತ್ತಿನ ಕ್ಯಾನ್ಸರ್‌ನ ದೈನಂದಿನ ಚಿಕಿತ್ಸೆಯಲ್ಲಿ ಇನ್ನೂ ಇಲ್ಲ.

ಯಕೃತ್ತಿನ ಗಡ್ಡೆ ಒಂದೇ ಗ್ರಾಹಕಕ್ಕೆ ಜೋತುಬೀಳುವುದಿಲ್ಲ ಎಂಬ ಮಾತಿಗೆ ಒಂದು ಅಪವಾದವಿದೆ. ಅದನ್ನು ನಿಮ್ಮ ವಿದ್ಯಾರ್ಥಿಗಳಿಗೆ ಖಂಡಿತ ಹೇಳಿ, ಏಕೆಂದರೆ ಈ ಕ್ಷೇತ್ರದಲ್ಲಿ ಇಷ್ಟು ಸ್ವಚ್ಛವಾದ ಕಥೆ ಇನ್ನೊಂದಿಲ್ಲ. ಎಫ್‌ಜಿಎಫ್-19 ಎಂಬ ಅಂಶವನ್ನು ಊಟದ ನಂತರ ಸಣ್ಣ ಕರುಳಿನ ಕೊನೆಯ ಭಾಗ ಬಿಡುಗಡೆ ಮಾಡುತ್ತದೆ. ಅದು ಯಕೃತ್ತಿಗೆ ಬಂದು, ಬೀಟಾ ಕ್ಲೋಥೋ ಎಂಬ ಸಹಾಯಕ ಪ್ರೋಟೀನಿನ ಜೊತೆಗೂಡಿ ಎಫ್‌ಜಿಎಫ್‌ಆರ್-4 ಗ್ರಾಹಕವನ್ನು ಹಿಡಿದು, ಪಿತ್ತಾಮ್ಲದ ತಯಾರಿಕೆ ಸಾಕು ಎಂದು ತಿಳಿಸುತ್ತದೆ. ಆರೋಗ್ಯವಂತ ಯಕೃತ್ತು ತಾನಾಗಿ ಈ ಅಂಶವನ್ನು ಹೆಚ್ಚುಕಡಿಮೆ ತಯಾರಿಸುವುದೇ ಇಲ್ಲ. ಕೆಲವು ಗಡ್ಡೆಗಳಲ್ಲಿ ಮಾತ್ರ 11ನೇ ವರ್ಣತಂತುವಿನ ಒಂದು ತುಂಡು ಹಲವು ಪ್ರತಿಗಳಾಗಿ ಹೆಚ್ಚಿ, ಗಡ್ಡೆ ತನಗೆ ಬೇಕಾದ ಎಫ್‌ಜಿಎಫ್-19 ಅನ್ನು ತಾನೇ ಮಾಡಿಕೊಳ್ಳುತ್ತದೆ; ಬೇರೆ ಕೆಲವು ಗಡ್ಡೆಗಳಲ್ಲಿ ಪ್ರತಿ ಹೆಚ್ಚದೆಯೂ ಅದು ತಯಾರಾಗುತ್ತದೆ. ಫಿಸೋಗಾಟಿನಿಬ್ ಎಂಬ ಔಷಧಿ ಎಫ್‌ಜಿಎಫ್‌ಆರ್-4ರಲ್ಲಿ 552ನೇ ಸ್ಥಾನದಲ್ಲಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲಕ್ಕೆ ಬಿಡಿಸಲಾಗದಂತೆ ಅಂಟಿಕೊಳ್ಳುತ್ತದೆ. ಅದೇ ಕುಟುಂಬದ ಉಳಿದ ಮೂರು ಗ್ರಾಹಕಗಳಲ್ಲಿ ಆ ಜಾಗದಲ್ಲಿ ಸಿಸ್ಟೀನ್ ಇಲ್ಲದಿರುವುದರಿಂದ ಅವು ಪಾರಾಗುತ್ತವೆ. ಮೊದಲ ಹಂತದ ಮಾನವ ಪ್ರಯೋಗದಲ್ಲಿ ಎಫ್‌ಜಿಎಫ್-19 ಇದ್ದ ರೋಗಿಗಳಲ್ಲಿ ಶೇಕಡ 17ರಷ್ಟು ಜನರ ಗಡ್ಡೆ ಗಮನಾರ್ಹವಾಗಿ ಕುಗ್ಗಿತು. ಇಲ್ಲದವರಲ್ಲಿ ಒಬ್ಬರದೂ ಕುಗ್ಗಲಿಲ್ಲ. ಕುಗ್ಗಿದ್ದ ಗಡ್ಡೆ ಮತ್ತೆ ಬೆಳೆದ ಕೆಲವರಲ್ಲಿ ಪರೀಕ್ಷಿಸಿದಾಗ ರೂಪಾಂತರ ಕಂಡದ್ದು ಆ 552ನೇ ಸ್ಥಾನದಲ್ಲಿ ಮತ್ತು ಅದರ ಪಕ್ಕದ 550ನೇ ಸ್ಥಾನದಲ್ಲಿ. ಗಡ್ಡೆ ಆ ಗ್ರಾಹಕವನ್ನು ಉಳಿಸಿಕೊಳ್ಳಲು ಇಷ್ಟು ಹೆಣಗಿತು ಎಂದರೆ ಅದರ ಬದುಕು ನಿಜಕ್ಕೂ ಅಲ್ಲೇ ನಿಂತಿತ್ತು ಎಂದರ್ಥ. ಅವಲಂಬನೆಗೆ ಇದಕ್ಕಿಂತ ಬಲವಾದ ಸಾಕ್ಷ್ಯವನ್ನು ಕೇಳುವಂತಿಲ್ಲ.

ಈ ಔಷಧಿ ತೆಗೆದುಕೊಂಡವರನ್ನು ಹೆಚ್ಚು ಕಾಡಿದ ತೊಂದರೆ ಭೇದಿ. ಪಿತ್ತಾಮ್ಲಕ್ಕೆ ಕಡಿವಾಣ ಹಾಕುತ್ತಿದ್ದ ಸಂಕೇತವನ್ನೇ ತಡೆದಾಗ ಪಿತ್ತಾಮ್ಲ ಹೆಚ್ಚಿ ಕರುಳಿಗೆ ಹರಿಯುವುದೇ ಇದಕ್ಕೆ ಕಾರಣ. ಗಡ್ಡೆಯ ಸಂಕೇತಕ್ಕೂ ದೇಹದ ನಿತ್ಯದ ಕೆಲಸದ ಸಂಕೇತಕ್ಕೂ ನಡುವೆ ಗೋಡೆಯಿಲ್ಲ ಎಂಬುದು ಇಲ್ಲಿಯೂ ಕಾಣುತ್ತದೆ.

ಉತ್ತರ 2: ಕ್ಯಾನ್ಸರ್ ವೈದ್ಯ, ಮಂಗಳೂರು

ಮೇಲಿನ ಉತ್ತರ ಪ್ರಯೋಗಾಲಯದ ಕಡೆಯಿಂದ ಬಂದಿದೆ. ಅದೇ ಮಾತನ್ನು ರೋಗಿಗಳ ಮೇಲಿನ ದೊಡ್ಡ ಪ್ರಯೋಗಗಳು ಹೇಗೆ ದುಬಾರಿ ಬೆಲೆ ತೆತ್ತು ಕಲಿಸಿದವು ಎಂಬುದನ್ನು ಹೇಳುತ್ತೇನೆ.

ಯಕೃತ್ತಿನ ಕ್ಯಾನ್ಸರ್‌ನಲ್ಲಿ ಆಯುಷ್ಯವನ್ನು ಹೆಚ್ಚಿಸಿದ ಮೊದಲ ಮಾತ್ರೆ ಸೊರಾಫೆನಿಬ್. 2008ರಲ್ಲಿ ಪ್ರಕಟವಾದ ಶಾರ್ಪ್ ಪ್ರಯೋಗದಲ್ಲಿ 602 ರೋಗಿಗಳಿದ್ದರು. ಮಾತ್ರೆ ಪಡೆದವರ ಬದುಕಿನ ಮಧ್ಯಮಾಂಕ, ಅಂದರೆ ಅರ್ಧದಷ್ಟು ಜನ ದಾಟಿದ ಅವಧಿ, 10.7 ತಿಂಗಳು, ಪಡೆಯದವರದು 7.9 ತಿಂಗಳು. ಗಡ್ಡೆ ಸ್ಪಷ್ಟವಾಗಿ ಕುಗ್ಗಿದ್ದು ಶೇಕಡ 2ರಷ್ಟು ಜನರಲ್ಲಿ ಮಾತ್ರ. ಗಡ್ಡೆ ಕುಗ್ಗದೆಯೂ ಜನ ಹೆಚ್ಚು ಕಾಲ ಬದುಕಿದರು ಎಂಬ ಈ ವಿಚಿತ್ರದಲ್ಲೇ ಔಷಧಿ ಕೆಲಸ ಮಾಡುವ ಜಾಗದ ಸುಳಿವಿದೆ. ಸೊರಾಫೆನಿಬ್ ರಾಫ್ ಪ್ರೋಟೀನನ್ನು ತಡೆಯುತ್ತದೆ, ಜೊತೆಗೆ ರಕ್ತನಾಳಗಳ ಮೇಲಿರುವ ವಿಇಜಿಎಫ್ ಮತ್ತು ಪಿಡಿಜಿಎಫ್ ಗ್ರಾಹಕಗಳನ್ನೂ ತಡೆಯುತ್ತದೆ.

ಆ ಯಶಸ್ಸಿನ ನಂತರ ಬಂದ ಹಲವು ವರ್ಷಗಳು ನಿರಾಶೆಯವು. ಸೊರಾಫೆನಿಬ್ ಜೊತೆಗೆ ಇಜಿಎಫ್‌ಆರ್ ತಡೆಯುವ ಎರ್ಲೋಟಿನಿಬ್ ಸೇರಿಸಿದ 720 ರೋಗಿಗಳ ಪ್ರಯೋಗದಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಬೆಳವಣಿಗೆಯ ಸಂಕೇತವನ್ನು ಕೋಶದೊಳಗೆ ಸಾಗಿಸುವ ಎಂಟಾರ್ ಪ್ರೋಟೀನನ್ನು ತಡೆಯುವ ಎವೆರೋಲಿಮಸ್ 2014ರಲ್ಲಿ ಸೋತಿತು: 7.6 ತಿಂಗಳು, ಔಷಧಿಯಿಲ್ಲದವರಲ್ಲಿ 7.3 ತಿಂಗಳು. ಐಜಿಎಫ್ ಗ್ರಾಹಕವನ್ನು ತಡೆಯುವ ಪ್ರತಿಕಾಯ ಸಣ್ಣ ಪ್ರಯೋಗದಲ್ಲೇ ಕೈಕೊಟ್ಟಿತು.

ಮೆಟ್ ಗ್ರಾಹಕದ ಕಥೆಯನ್ನು ಮಾತ್ರ ಸ್ವಲ್ಪ ಎಚ್ಚರದಿಂದ ಓದಬೇಕು. ಗಡ್ಡೆಯಲ್ಲಿ ಮೆಟ್ ಹೆಚ್ಚಿದ್ದವರನ್ನೇ ಆರಿಸಿ ಟಿವಾಂಟಿನಿಬ್ ಕೊಟ್ಟ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಔಷಧಿ ಪಡೆದವರು 8.4 ತಿಂಗಳು, ಪಡೆಯದವರು 9.1 ತಿಂಗಳು. ಇದನ್ನು ನೋಡಿ ಮೆಟ್‌ಗೆ ಈ ರೋಗದಲ್ಲಿ ಪಾತ್ರವೇ ಇಲ್ಲ ಎಂದು ಅನೇಕರು ಬರೆದರು. ಆದರೆ ಟಿವಾಂಟಿನಿಬ್ ಕೋಶಗಳನ್ನು ಕೊಲ್ಲುವುದು ಬಹುಪಾಲು ಕೋಶದೊಳಗಿನ ಸೂಕ್ಷ್ಮನಾಳಿಕೆಗಳನ್ನು ಕೆಡಿಸುವುದರಿಂದ, ಮೆಟ್ ತಡೆಯುವುದರಿಂದಲ್ಲ ಎಂದು ಪ್ರಯೋಗಾಲಯದ ಅಧ್ಯಯನಗಳು 2013ರಲ್ಲೇ ತೋರಿಸಿದ್ದವು. ಹಾಗಾಗಿ ಆ ಪ್ರಯೋಗ ಮೆಟ್ ಕಲ್ಪನೆಯನ್ನು ಸರಿಯಾಗಿ ಪರೀಕ್ಷಿಸಿತು ಎಂದು ನಾನು ಒಪ್ಪುವುದಿಲ್ಲ. ಮೆಟ್ ಜೊತೆಗೆ ವಿಇಜಿಎಫ್ ಗ್ರಾಹಕ ಮತ್ತು ಆಕ್ಸಲ್ ಎಂಬ ಗ್ರಾಹಕವನ್ನೂ ತಡೆಯುವ ಕಾಬೊಜಾಂಟಿನಿಬ್, ಸೊರಾಫೆನಿಬ್ ಪ್ರಯೋಜನವಾಗದವರಲ್ಲಿ 8 ತಿಂಗಳ ಬದುಕನ್ನು 10.2 ತಿಂಗಳಿಗೆ ಏರಿಸಿತು. ಅದರಲ್ಲಿ ಮೆಟ್‌ನ ಪಾಲೆಷ್ಟು ಎಂದು ಬಿಡಿಸಿ ನೋಡಲು ಬರುವುದಿಲ್ಲ.

ಬೆಳವಣಿಗೆಯ ಸಂಕೇತವನ್ನು ತಡೆದು ಗೆದ್ದ ಔಷಧಿಗಳನ್ನು ಸಾಲಾಗಿ ಇಟ್ಟು ನೋಡಿ: ಸೊರಾಫೆನಿಬ್, ರೆಗೊರಾಫೆನಿಬ್, ಲೆನ್‌ವಾಟಿನಿಬ್, ಕಾಬೊಜಾಂಟಿನಿಬ್, ರಾಮುಸಿರುಮಾಬ್, ಬೆವಾಸಿಜುಮಾಬ್. ಎಲ್ಲವೂ ವಿಇಜಿಎಫ್ ಸಂಕೇತವನ್ನು ತಡೆಯುವಂಥವು. ಇದಕ್ಕೆ ಕಾರಣ ಯಕೃತ್ತಿನ ರಕ್ತಸಂಚಾರದಲ್ಲಿದೆ. ಆರೋಗ್ಯವಂತ ಯಕೃತ್ತಿಗೆ ರಕ್ತದ ಸುಮಾರು ಮುಕ್ಕಾಲು ಪಾಲು ಕರುಳಿನಿಂದ ಬರುವ ಪೋರ್ಟಲ್ ರಕ್ತನಾಳದಿಂದ ಸಿಗುತ್ತದೆ. ಗಡ್ಡೆಗೆ ಮಾತ್ರ ಹೆಚ್ಚುಕಡಿಮೆ ಎಲ್ಲ ರಕ್ತವೂ ಅಪಧಮನಿಯಿಂದ ಬರುತ್ತದೆ, ಅದಕ್ಕಾಗಿ ಗಡ್ಡೆ ವಿಇಜಿಎಫ್ ಸುರಿದು ಹೊಸ ನಾಳಗಳನ್ನು ಎಳೆದುಕೊಳ್ಳುತ್ತದೆ. ನಿಮ್ಮ ಸಂಬಂಧಿಕರ ಸಿಟಿ ಸ್ಕ್ಯಾನ್ ವರದಿ ತೆಗೆದು ನೋಡಿ. ಔಷಧ ಚುಚ್ಚಿದ ಮೊದಲ ಅರ್ಧ ನಿಮಿಷದ ಆಸುಪಾಸಿನ ಅಪಧಮನಿ ಹಂತದಲ್ಲಿ ಗಡ್ಡೆ ಸುತ್ತಲಿನ ಯಕೃತ್ತಿಗಿಂತ ಬೆಳ್ಳಗೆ ಹೊಳೆದು, ಆಮೇಲಿನ ಹಂತದಲ್ಲಿ ಸುತ್ತಲಿಗಿಂತ ಕಪ್ಪಾಗಿತ್ತು ಎಂಬ ಅರ್ಥದ ಸಾಲು ಅದರಲ್ಲಿ ಬಹುಶಃ ಇರುತ್ತದೆ. ಸಿರೋಸಿಸ್ ಇರುವವರಲ್ಲಿ ಈ ಲಕ್ಷಣ ಸ್ಪಷ್ಟವಾಗಿದ್ದರೆ ಸೂಜಿ ಹಾಕಿ ತುಣುಕು ತೆಗೆಯದೆಯೇ ರೋಗವನ್ನು ನಿರ್ಧರಿಸುತ್ತೇವೆ. ಅಂದರೆ ಬೆಳವಣಿಗೆ ಅಂಶವೊಂದರ ಕೆಲಸವನ್ನೇ ನಾವು ಆ ಚಿತ್ರದಲ್ಲಿ ಕಣ್ಣಾರೆ ನೋಡುತ್ತಿರುತ್ತೇವೆ.

ಗಡ್ಡೆಯ ಕೋಶ ಹಲವು ದಾರಿಗಳ ನಡುವೆ ಜಿಗಿಯಬಲ್ಲದು, ಅದಕ್ಕೆ ಅನ್ನ ನೀರು ತರುವ ರಕ್ತನಾಳಕ್ಕೆ ಅಷ್ಟು ದಾರಿಗಳಿಲ್ಲ. ಆದ್ದರಿಂದಲೇ ಗಡ್ಡೆಯ ಸ್ವಂತ ಗ್ರಾಹಕಗಳ ಮೇಲಿನ ದಾಳಿ ಸೋತಲ್ಲಿ ನಾಳಗಳ ಮೇಲಿನ ಕೆಲವು ದಾಳಿಗಳಾದರೂ ಅಷ್ಟಿಷ್ಟು ಗೆದ್ದವು ಎಂಬುದು ನನ್ನ ತಿಳಿವಳಿಕೆ.

ನಿಮ್ಮ ಮೂರನೇ ಪ್ರಶ್ನೆ ಲೆನ್‌ವಾಟಿನಿಬ್ ಬಗ್ಗೆ. ಅದು ವಿಇಜಿಎಫ್ ಗ್ರಾಹಕಗಳು ಮೂರನ್ನೂ, ಎಫ್‌ಜಿಎಫ್ ಗ್ರಾಹಕಗಳು ನಾಲ್ಕನ್ನೂ, ಜೊತೆಗೆ ಪಿಡಿಜಿಎಫ್ ಗ್ರಾಹಕ-ಆಲ್ಫಾ, ರೆಟ್ ಮತ್ತು ಕಿಟ್ ಗ್ರಾಹಕಗಳನ್ನೂ ತಡೆಯುತ್ತದೆ. 2018ರಲ್ಲಿ ಪ್ರಕಟವಾದ 954 ರೋಗಿಗಳ ಪ್ರಯೋಗದಲ್ಲಿ ಅದು ಸೊರಾಫೆನಿಬ್‌ಗಿಂತ ಕಡಿಮೆಯಿಲ್ಲ ಎಂದು ಸಾಬೀತಾಯಿತು: 13.6 ತಿಂಗಳು, ಸೊರಾಫೆನಿಬ್‌ನಲ್ಲಿ 12.3. ಗಡ್ಡೆ ಕುಗ್ಗಿದವರ ಪ್ರಮಾಣ ಶೇಕಡ 24, ಸೊರಾಫೆನಿಬ್‌ನಲ್ಲಿ ಶೇಕಡ 9. ದೇಹದ ತೂಕ 60 ಕಿಲೋ ಅಥವಾ ಹೆಚ್ಚಿದ್ದರೆ ದಿನಕ್ಕೆ 12 ಮಿಲಿಗ್ರಾಂ, ಅದಕ್ಕಿಂತ ಕಡಿಮೆಯಿದ್ದರೆ 8 ಮಿಲಿಗ್ರಾಂ.

ಇಂದು ಮೊದಲ ಆಯ್ಕೆ ಹೆಚ್ಚಾಗಿ ರೋಗನಿರೋಧಕ ಚಿಕಿತ್ಸೆಯ ಜೋಡಿಗಳು. 2020ರಲ್ಲಿ, ರೋಗನಿರೋಧಕ ಕೋಶಗಳ ಕಡಿವಾಣ ಬಿಡಿಸುವ ಅಟೆಜೊಲಿಜುಮಾಬ್ ಮತ್ತು ವಿಇಜಿಎಫ್ ತಡೆಯುವ ಬೆವಾಸಿಜುಮಾಬ್ ಜೋಡಿ ಸೊರಾಫೆನಿಬ್ ಅನ್ನು ಸೋಲಿಸಿತು. ಮುಂದಿನ ಲೆಕ್ಕದಲ್ಲಿ ಅದು 19.2 ತಿಂಗಳು, ಸೊರಾಫೆನಿಬ್ 13.4. ಇದರಲ್ಲೂ ಅರ್ಧ ಪಾಲು ಬೆಳವಣಿಗೆ ಅಂಶದ ತಡೆಯೇ. ವಿಇಜಿಎಫ್ ನಾಳಗಳನ್ನು ಬೆಳೆಸುವುದಷ್ಟೇ ಅಲ್ಲದೆ ರೋಗನಿರೋಧಕ ಕೋಶಗಳು ಗಡ್ಡೆಯೊಳಗೆ ಬರದಂತೆ, ಬಂದವು ಬಲಿಯದಂತೆ ಮಾಡುತ್ತದೆ. ಅದನ್ನು ಬೆವಾಸಿಜುಮಾಬ್ ಹಿಡಿದಿಟ್ಟಾಗ ಅಟೆಜೊಲಿಜುಮಾಬ್‌ಗೆ ಹಾದಿ ಸುಗಮವಾಗುತ್ತದೆ. ಆದರೆ ಬೆವಾಸಿಜುಮಾಬ್ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುವುದರಿಂದ ಮೊದಲೇ ಎಂಡೋಸ್ಕೋಪಿ ಮಾಡಿ ಅನ್ನನಾಳದ ಊದಿದ ರಕ್ತನಾಳಗಳನ್ನು ನೋಡಬೇಕು. ನಿಮ್ಮ ಸಂಬಂಧಿಕರಿಗೆ ಒಮ್ಮೆ ರಕ್ತಸ್ರಾವ ಆಗಿದೆ ಎಂದು ಬರೆದಿದ್ದೀರಿ. ಅವರ ವೈದ್ಯರು ಈ ಜೋಡಿಯನ್ನು ಬಿಟ್ಟು ಮಾತ್ರೆಯನ್ನು ಆರಿಸಿದ್ದು ಆ ಕಾರಣಕ್ಕೇ ಇರಬೇಕು, ಅದು ಸರಿಯಾದ ಎಚ್ಚರಿಕೆ.

ಉತ್ತರ 3: ರೋಗನಿರೋಧಕ ಶಾಸ್ತ್ರದ ಸಂಶೋಧಕಿ

ಮೇಲಿನ ಎರಡೂ ಉತ್ತರಗಳ ಬಗ್ಗೆ ನನಗೆ ಗೌರವವಿದೆ. ಆದರೆ ಇಜಿಎಫ್‌ಆರ್ ಸೋಲಿಗೆ 'ದಾರಿಗಳು ಹಲವು' ಎಂಬ ಒಂದೇ ವಿವರಣೆ ಕೊಟ್ಟಿರುವುದು ಸಾಲದು ಎಂದು ನನಗೆ ತೋರುತ್ತದೆ. ಆ ಗ್ರಾಹಕ ಯಾವ ಕೋಶದ ಮೇಲಿದೆ ಎಂಬ ಪ್ರಶ್ನೆಯನ್ನು ಇಬ್ಬರೂ ಕೇಳಿಲ್ಲ.

2014ರಲ್ಲಿ ಆಸ್ಟ್ರಿಯಾದ ಒಂದು ತಂಡ ಇಲಿಗಳಲ್ಲಿ ಮಾಡಿದ ಪ್ರಯೋಗವನ್ನು ಗಮನಿಸಿ. ಯಕೃತ್ಕೋಶಗಳಿಂದ ಮಾತ್ರ ಇಜಿಎಫ್‌ಆರ್ ತೆಗೆದಾಗ ಗಡ್ಡೆಗಳು ಕಡಿಮೆಯಾಗುವ ಬದಲು ಹೆಚ್ಚಾದವು, ಏಕೆಂದರೆ ಪೆಟ್ಟು ತಿಂದ ಯಕೃತ್ತಿಗೆ ತನ್ನನ್ನು ರಿಪೇರಿ ಮಾಡಿಕೊಳ್ಳಲು ಆಗದೆ ಹಾನಿಯೂ ಉರಿಯೂತವೂ ಹೆಚ್ಚಿದವು. ಯಕೃತ್ತಿನಲ್ಲೇ ನೆಲೆಸಿರುವ ಕುಪ್ಫರ್ ಕೋಶ ಮೊದಲಾದ ಭಕ್ಷಕ ಕೋಶಗಳಿಂದ ಅದೇ ಗ್ರಾಹಕವನ್ನು ತೆಗೆದಾಗ ಗಡ್ಡೆಗಳು ಕಡಿಮೆಯಾದವು. ಆ ಕೋಶಗಳು ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ಸಂದೇಶವಾಹಕವನ್ನು ತಯಾರಿಸಲು ಇಜಿಎಫ್‌ಆರ್ ಬೇಕಾಗಿತ್ತು. ಒಂದೇ ಗ್ರಾಹಕ, ಒಂದೇ ಅಂಗ, ಪರಿಣಾಮ ಮಾತ್ರ ಪರಸ್ಪರ ವಿರುದ್ಧ. ಎರ್ಲೋಟಿನಿಬ್ ಮಾತ್ರೆ ಎರಡು ಬಗೆಯ ಕೋಶಗಳಲ್ಲೂ ಅದನ್ನು ತಡೆಯುತ್ತದೆ. ಒಂದು ಕಡೆಯ ಲಾಭವನ್ನು ಇನ್ನೊಂದು ಕಡೆಯ ನಷ್ಟ ನುಂಗಿಹಾಕಿದರೆ ಪ್ರಯೋಗದ ಕೊನೆಯಲ್ಲಿ ಏನೂ ಕಾಣದಿರುವುದು ಸಹಜ.

ಸಂದರ್ಭಕ್ಕೆ ತಕ್ಕಂತೆ ಬಣ್ಣ ಬದಲಿಸುವ ಅಂಶಗಳಲ್ಲಿ ಟಿಜಿಎಫ್-ಬೀಟಾ ಎಲ್ಲಕ್ಕಿಂತ ಮುಂದಿದೆ. ರೋಗದ ಆರಂಭದಲ್ಲಿ ಅದು ಯಕೃತ್ಕೋಶಗಳ ವಿಭಜನೆಯನ್ನು ನಿಲ್ಲಿಸುತ್ತದೆ, ಕೆಟ್ಟ ಕೋಶಗಳನ್ನು ಸಾಯಿಸುತ್ತದೆ, ಹಾಗಾಗಿ ಕ್ಯಾನ್ಸರನ್ನು ತಡೆಯುವ ಪಕ್ಷದಲ್ಲಿದೆ. ಗಡ್ಡೆ ಈ ತಡೆಯನ್ನು ಮೀರಲು ಕಲಿತ ಮೇಲೆ ಅದೇ ಅಂಶ ಕೋಶಗಳು ಪರಸ್ಪರ ಹಿಡಿತ ಬಿಟ್ಟು ಅಲೆದಾಡುವಂತೆಯೂ ರಕ್ತನಾಳಗಳೊಳಗೆ ನುಗ್ಗುವಂತೆಯೂ ಮಾಡುತ್ತದೆ. ಯಾವ ರೋಗಿಯಲ್ಲಿ ಅದು ಯಾವ ಪಾತ್ರದಲ್ಲಿದೆ ಎಂದು ಹೇಳುವ ಪರೀಕ್ಷೆ ಕೈಯಲ್ಲಿ ಇಲ್ಲದಾಗ ಅದನ್ನು ತಡೆಯುವ ನಿರ್ಧಾರ ಸುಲಭವಲ್ಲ.

ಐಜಿಎಫ್ ಬಗ್ಗೆ ವೈದ್ಯರು ಒಂದೇ ಸಾಲು ಬರೆದರು, ನಾನು ಇನ್ನೊಂದು ಸೇರಿಸುತ್ತೇನೆ. ಗರ್ಭದಲ್ಲಿರುವ ಶಿಶುವಿನ ಯಕೃತ್ತಿನಲ್ಲಿ ಐಜಿಎಫ್-2 ಹೇರಳವಾಗಿ ತಯಾರಾಗಲು ಕಾರಣವಾದ ಪ್ರವರ್ತಕಗಳು ಹುಟ್ಟಿದ ಮೇಲೆ ಮಲಗುತ್ತವೆ, ಕೆಲವು ಗಡ್ಡೆಗಳಲ್ಲಿ ಅವು ಮತ್ತೆ ಎಚ್ಚರಗೊಳ್ಳುತ್ತವೆ. ಹೀಗೆ ನಿಜವಾಗಿ ಐಜಿಎಫ್-2 ಉಕ್ಕುತ್ತಿರುವವರನ್ನು ಬೇರ್ಪಡಿಸದೆ ಎಲ್ಲರಿಗೂ ಕೊಟ್ಟು ಸೋತ ಔಷಧಿಯನ್ನು ಶಾಶ್ವತವಾಗಿ ಸೋತಿತೆಂದು ಪಕ್ಕಕ್ಕಿಡುವುದು ನ್ಯಾಯವಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಸಿಟಿ ವರದಿಯನ್ನು ತೆಗೆದು ನೋಡಿದೆ. ವೈದ್ಯರು ಹೇಳಿದ ಸಾಲು ಹಾಗೆಯೇ ಇದೆ. ಎರಡು ಸಂದೇಹಗಳು ಉಳಿದಿವೆ. ಲೆನ್‌ವಾಟಿನಿಬ್ ಜೊತೆಗೆ ಜೆಫಿಟಿನಿಬ್ ಸೇರಿಸಿದರೆ ಹೆಚ್ಚು ಪರಿಣಾಮವಾಗುತ್ತದೆ ಎಂದು ನಮ್ಮ ಕುಟುಂಬದ ಒಬ್ಬರು ಎಲ್ಲೋ ಓದಿ, ವೈದ್ಯರನ್ನು ಕೇಳಿ ಎಂದು ಒತ್ತಾಯಿಸುತ್ತಿದ್ದಾರೆ. ಮೇಲೆ ಹೇಳಿದ ಎರ್ಲೋಟಿನಿಬ್ ಸೋಲಿಗೆ ಇದು ಹೊಂದುವುದಿಲ್ಲವಲ್ಲ? ಮತ್ತೆ, ಈ ಔಷಧಿಗಳು ಇಷ್ಟು ದುಬಾರಿಯಾಗಿದ್ದೇಕೆ, ಮುಂದೆ ಬೇರೆ ಮಾತ್ರೆಗೆ ಬದಲಿಸಬೇಕಾಗಿ ಬಂದರೆ ನಮ್ಮಂಥವರಿಗೆ ನಿಭಾಯಿಸಲು ಆಗುತ್ತದೆಯೇ ಎಂಬ ಆತಂಕವೂ ಇದೆ.

ಉತ್ತರ 4: ಔಷಧಶಾಸ್ತ್ರ ಅಧ್ಯಾಪಕ, ಮೈಸೂರು

ಬೆಲೆಯ ವಿಷಯಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ಭಾರತದ ಔಷಧ ಕಾನೂನಿನ ಒಂದು ದೊಡ್ಡ ತಿರುವು ಈ ರೋಗದ ಈ ಮಾತ್ರೆಯ ಸುತ್ತಲೇ ನಡೆಯಿತು. ಸೊರಾಫೆನಿಬ್ ದಿನಕ್ಕೆ 200 ಮಿಲಿಗ್ರಾಂನ ನಾಲ್ಕು ಮಾತ್ರೆ, ತಿಂಗಳಿಗೆ 120. ಬೇಯರ್ ಕಂಪನಿಯ ನೆಕ್ಸಾವರ್ ಹೆಸರಿನಲ್ಲಿ ಆ ಒಂದು ತಿಂಗಳ ಮಾತ್ರೆಗೆ ಸುಮಾರು 2.8 ಲಕ್ಷ ರೂಪಾಯಿ ಬೆಲೆಯಿತ್ತು. 2012ರ ಮಾರ್ಚ್‌ನಲ್ಲಿ ಪೇಟೆಂಟ್ ನಿಯಂತ್ರಕರು ಹೈದರಾಬಾದಿನ ನ್ಯಾಟ್ಕೋ ಕಂಪನಿಗೆ ಅದೇ ಔಷಧಿಯನ್ನು ಪೇಟೆಂಟ್ ಇದ್ದವರ ಒಪ್ಪಿಗೆಯಿಲ್ಲದೆಯೂ ತಯಾರಿಸಲು ಕಡ್ಡಾಯ ಪರವಾನಗಿ ಕೊಟ್ಟು, 120 ಮಾತ್ರೆಗೆ 8,800 ರೂಪಾಯಿ ಮೀರಬಾರದೆಂದು ಷರತ್ತು ಹಾಕಿದರು. ಪೇಟೆಂಟ್ ಇದ್ದ ಕಂಪನಿಗೆ ರಾಯಧನ (ರಾಯಲ್ಟಿ) ಕೊಡಬೇಕೆಂದೂ ಹೇಳಿದರು. ಭಾರತದಲ್ಲಿ ಇಂಥ ಪರವಾನಗಿ ಸಿಕ್ಕಿದ್ದು ಅದೇ ಮೊದಲು. 2013ರಲ್ಲಿ ಮೇಲ್ಮನವಿ ಮಂಡಳಿಯೂ ಅದನ್ನು ಎತ್ತಿಹಿಡಿಯಿತು. ಔಷಧಿ ಇದ್ದೂ ಬಡವರಿಗೆ ಎಟುಕದಿದ್ದರೆ ಅದು ಇಲ್ಲದಂತೆಯೇ ಎಂಬ ನಿಲುವನ್ನು ಕಾನೂನಿನ ಭಾಷೆಯಲ್ಲಿ ಬರೆದ ಆ ಆದೇಶವನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಓದಿಸುತ್ತೇನೆ.

ಸೊರಾಫೆನಿಬ್ ಪೇಟೆಂಟ್ ಅವಧಿ ಈಗ ಮುಗಿದಿದೆ. ಬೆವಾಸಿಜುಮಾಬ್‌ನ ಸಮಾನ ರೂಪಗಳನ್ನು ಭಾರತದ ಕಂಪನಿಗಳೂ ತಯಾರಿಸುತ್ತವೆ. ಅಟೆಜೊಲಿಜುಮಾಬ್‌ನಂಥ ಪ್ರತಿಕಾಯಗಳ ಬೆಲೆ ಮಾತ್ರ ಇನ್ನೂ ಕೈಗೆಟುಕುವಂತಿಲ್ಲ. ನಿಮ್ಮ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ವಿಭಾಗದಲ್ಲಿ ಯಾವ ಔಷಧಿಗೆ ನೆರವು ಸಿಗುತ್ತದೆ ಎಂದು ಬದಲಾವಣೆಯ ಅಗತ್ಯ ಬೀಳುವ ಮೊದಲೇ ವಿಚಾರಿಸಿಟ್ಟುಕೊಳ್ಳಿ.

ಉತ್ತರ 5: ಕ್ಯಾನ್ಸರ್ ವೈದ್ಯ, ಮಂಗಳೂರು

ಜೆಫಿಟಿನಿಬ್ ವಿಷಯದಲ್ಲಿ ನಿಮ್ಮ ಕುಟುಂಬದವರು ಓದಿದ್ದು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಸುದ್ದಿ ಇರಬೇಕು. ಲೆನ್‌ವಾಟಿನಿಬ್ ಎಫ್‌ಜಿಎಫ್ ಗ್ರಾಹಕವನ್ನು ತಡೆದ ಕೂಡಲೇ ಗಡ್ಡೆಯ ಕೋಶದಲ್ಲಿ ಇಜಿಎಫ್‌ಆರ್ ಚುರುಕಾಗಿ ಆ ಕೊರತೆಯನ್ನು ತುಂಬುತ್ತದೆ ಎಂದು ಆ ತಂಡ ಕಂಡುಕೊಂಡಿತು. ಎರಡನ್ನೂ ಒಟ್ಟಿಗೆ ತಡೆದಾಗ, ಇಜಿಎಫ್‌ಆರ್ ಹೆಚ್ಚಿದ್ದ ಗಡ್ಡೆಗಳು ಇಲಿಗಳಲ್ಲಿ ಕುಗ್ಗಿದವು. ಲೆನ್‌ವಾಟಿನಿಬ್‌ಗೆ ಬಗ್ಗದಿದ್ದ 12 ರೋಗಿಗಳಿಗೆ ಜೋಡಿ ಔಷಧಿ ಕೊಟ್ಟಾಗ ಕೆಲವರಲ್ಲಿ ಗಡ್ಡೆ ಕುಗ್ಗಿದ್ದೂ ನಿಜ. ಎರ್ಲೋಟಿನಿಬ್ ಸೋಲಿಗೆ ಇದು ವಿರುದ್ಧವಲ್ಲ: ಅಲ್ಲಿ ಆಯ್ಕೆಯಿಲ್ಲದೆ ಎಲ್ಲರಿಗೂ ಕೊಟ್ಟರು, ಜೊತೆಗಿದ್ದದ್ದು ಸೊರಾಫೆನಿಬ್; ಇಲ್ಲಿ ಎಫ್‌ಜಿಎಫ್ ದಾರಿ ಮುಚ್ಚಿದ ಮೇಲೆ ಕೋಶ ಓಡುವ ನಿರ್ದಿಷ್ಟ ದಾರಿಗೆ ಅಡ್ಡಹಾಕಿದರು.

ಆದರೂ ಅದನ್ನು ನಿಮ್ಮ ಸಂಬಂಧಿಕರಿಗೆ ಈಗ ಸೇರಿಸಬೇಕೆಂದು ಕೇಳಬೇಡಿ. 12 ಜನರ ಅನುಭವವನ್ನಷ್ಟೇ ನಂಬಿ ಚಿಕಿತ್ಸೆಯನ್ನು ನಿರ್ಧರಿಸಲಾಗದು. ಎರಡು ಔಷಧಿಗಳಿಂದಲೂ ಭೇದಿಯಾಗುತ್ತದೆ, ಯಕೃತ್ತಿನ ಕಿಣ್ವಗಳು ಏರುತ್ತವೆ. ಸಂಶೋಧಕರು ಮೊದಲ ಉತ್ತರದಲ್ಲಿ ಹೇಳಿದ ಮಾತನ್ನು ಮತ್ತೆ ಓದಿ: ಸಿರೋಸಿಸ್ ಆದ ಯಕೃತ್ತಿನ ಉಳಿದ ಕೋಶಗಳು ಬದುಕಿರುವುದೂ ಇದೇ ಸಂಕೇತಗಳ ಆಸರೆಯಲ್ಲಿ. ಈ ರೋಗದಲ್ಲಿ ನಮ್ಮ ರೋಗಿಗಳು ಗಡ್ಡೆಯಿಂದ ತೀರಿಕೊಳ್ಳುವಷ್ಟೇ ಯಕೃತ್ತು ಸೋಲುವುದರಿಂದಲೂ ತೀರಿಕೊಳ್ಳುತ್ತಾರೆ. ಕಾಮಾಲೆಯೂ ಹೊಟ್ಟೆಯಲ್ಲಿ ನೀರೂ ಕಾಣಿಸಿಕೊಂಡರೆ ಎಷ್ಟೇ ಒಳ್ಳೆಯ ಮಾತ್ರೆಯಾದರೂ ನಿಲ್ಲಿಸಬೇಕಾಗುತ್ತದೆ. ಹೆಪಟೈಟಿಸ್ ಬಿ ವೈರಸ್ಸಿಗೆ ಕೊಡುವ ಮಾತ್ರೆಯನ್ನು ಒಂದು ದಿನವೂ ತಪ್ಪಿಸದೆ ತೆಗೆದುಕೊಳ್ಳುವುದು ಅದಕ್ಕಾಗಿಯೇ ಮುಖ್ಯ.

ವಂಶವಾಹಿ ಪರೀಕ್ಷೆ ಏಕೆ ಮಾಡಲಿಲ್ಲ ಎಂಬುದಕ್ಕೂ ಉತ್ತರ ಇದೇ ಮಾತುಕತೆಯಲ್ಲಿದೆ. ಪರೀಕ್ಷೆಯ ಫಲಿತಾಂಶದಿಂದ ಇಂದು ಕೊಡುವ ಔಷಧಿ ಬದಲಾಗುವುದು ಅಪರೂಪ. ಔಷಧಿಯ ಆಯ್ಕೆಗೆ ನೆರವಾಗುವುದು ಒಂದು ಸಾಮಾನ್ಯ ರಕ್ತಪರೀಕ್ಷೆ: ಯಕೃತ್ತಿನ ಗಡ್ಡೆಗಳು ಹಲವು ಸಲ ರಕ್ತಕ್ಕೆ ಬಿಡುವ ಆಲ್ಫಾ ಫೀಟೋಪ್ರೋಟೀನ್ ಮಟ್ಟ ಮಿಲಿಲೀಟರಿಗೆ 400 ನ್ಯಾನೋಗ್ರಾಂ ಅಥವಾ ಹೆಚ್ಚಿದ್ದವರಲ್ಲಿ ಮಾತ್ರ ರಾಮುಸಿರುಮಾಬ್ ಆಯುಷ್ಯ ಹೆಚ್ಚಿಸಿತು, 7.3 ತಿಂಗಳಿಂದ 8.5ಕ್ಕೆ. ಮುಂದೆ ಔಷಧಿ ಬದಲಿಸುವ ಸಂದರ್ಭ ಬಂದರೆ ಆ ಸಂಖ್ಯೆಯನ್ನು ವೈದ್ಯರು ನೋಡುತ್ತಾರೆ, ಹಾಗಾಗಿ ಹಳೆಯ ವರದಿಗಳನ್ನು ಜೋಪಾನವಾಗಿಡಿ.

ಸದ್ಯಕ್ಕೆ ಮನೆಯಲ್ಲಿ ಮಾಡಬೇಕಾದ್ದು ಇಷ್ಟು. ವಿಇಜಿಎಫ್ ತಡೆದಾಗ ದೇಹದ ಆರೋಗ್ಯವಂತ ರಕ್ತನಾಳಗಳೂ ಬಿಗಿಯುವುದರಿಂದ ರಕ್ತದೊತ್ತಡ ಏರುತ್ತದೆ, ಮೂತ್ರದಲ್ಲಿ ಪ್ರೋಟೀನು ಹೋಗುತ್ತದೆ. ಮೊದಲ ಕೆಲವು ವಾರ ದಿನವೂ ಒಂದೇ ಹೊತ್ತಿಗೆ ರಕ್ತದೊತ್ತಡ ನೋಡಿ ಪುಸ್ತಕದಲ್ಲಿ ಬರೆದಿಡಿ, ಮೇಲಿನ ಸಂಖ್ಯೆ 140 ದಾಟುತ್ತಿದ್ದರೆ ಮುಂದಿನ ಭೇಟಿಯವರೆಗೆ ಕಾಯದೆ ತಿಳಿಸಿ. ಅಂಗೈ ಅಂಗಾಲು ಕೆಂಪಾಗಿ ಉರಿಯತೊಡಗಿದರೆ ಯೂರಿಯಾ ಇರುವ ಮುಲಾಮು ಹಚ್ಚಿ, ಬರಿಗಾಲಿನಲ್ಲಿ ಬಿಸಿಲಲ್ಲಿ ನಡೆಯದಂತೆ ನೋಡಿಕೊಳ್ಳಿ. ಕಪ್ಪು ಮಲ, ರಕ್ತವಾಂತಿ, ಇದ್ದಕ್ಕಿದ್ದಂತೆ ಮಂಕಾಗುವುದು ಇವುಗಳಲ್ಲಿ ಯಾವುದು ಕಂಡರೂ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.